‘ಸೋಮವಾರವೇ’ ಬೇರೆ, ‘ಮಂಡೇ ಓನ್ಲಿ’ ಬೇರೆ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಕೆಲಸ ಮಾಡುವವಳು. ನಮ್ಮ ಗ್ರಾಹಕರು ಲಂಡನ್ನಿನವರು. ಫೈಲನ್ನು ಸೋಮವಾರವೇ ಕಳಿಸಿದ್ದೆ ಎಂದು ತಿಳಿಸಲು ‘ಐ ಸೆಂಟ್ ದ ಫೈಲ್ ಆನ್ ಮಂಡೇ ಓನ್ಲಿ’ ಎಂದು ಬರೆದೆ. ಅವರು ‘ಇಷ್ಟು ತಡವೇಕೆ?’ ಎಂದು ಮರುಪ್ರಶ್ನೆ ಹಾಕಿದರು. ತಡ ಮಾಡಿಲ್ಲ ಅನ್ನೋದಕ್ಕೇ ತಾನೇ ನಾನು ಹಾಗೆ ಬರೆದದ್ದು? ಈ ‘ಓನ್ಲಿ’ಯನ್ನು ಎಲ್ಲಿ, ಹೇಗೆ ಬಳಸಬೇಕು? ಇನ್ನೊಂದು, ಎಸ್ಸೆಸ್ಸೆಲ್ಸಿಯಲ್ಲಿರುವ ಮಗನ ಅಭ್ಯಾಸದಲ್ಲಿ ‘ಓನ್ಲಿ ದೆನ್ ಡಿಡ್ ಹಿ ರಿಯಲೈಸ್’ ಎಂಬ ವಾಕ್ಯವಿದೆ. ಆ ‘ಡಿಡ್’ ಅಲ್ಲಿಗೆ ಯಾಕೆ ಬಂತು?

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ತೊಂದರೆ ಇರುವುದೇ ಅಲ್ಲಿ. ವ್ಯಾಕರಣ ತಪ್ಪಿದ್ದರೆ ಓದಿದವರು ‘ಏನೋ ಹೇಳಹೊರಟಿದ್ದಾರೆ’ ಎಂದು ಊಹಿಸಿಕೊಳ್ಳುತ್ತಿದ್ದರು. ನಿಮ್ಮದು ಸರಿಯಾದ ಇಂಗ್ಲಿಷ್ ವಾಕ್ಯವಾದ್ದರಿಂದ ಅದರ ಅರ್ಥವನ್ನು ಇದ್ದ ಹಾಗೇ ತೆಗೆದುಕೊಂಡರು, ಮತ್ತು ಆ ಅರ್ಥ ನೀವು ಹೇಳಬೇಕೆಂದಿದ್ದಕ್ಕೆ ತೀರಾ ಉಲ್ಟಾ. ಅವರು ಓದಿಕೊಂಡದ್ದು: ‘ಸೋಮವಾರದ ತನಕ ಕಳಿಸಿರಲಿಲ್ಲ, ಕಳಿಸಿದ್ದೇ ಸೋಮವಾರ.’

ನಿಮ್ಮ ಗ್ರಾಹಕರು ಪುಣೆಯವರಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ‘ಸೋಮವಾರವೇ’ ಎಂಬಲ್ಲಿ ಕೊನೆಗೆ ಬರುವ ನಮ್ಮ ‘ಏ’ ಮಾಡುವ ಕೆಲಸವನ್ನು ಮರಾಠಿಯಲ್ಲಿ ‘ಚ’ ಮಾಡುತ್ತದೆ, ಹಿಂದಿಯಲ್ಲಿ ‘ಹೀ’, ತಮಿಳಿನಲ್ಲಿ ‘ತಾನ್’. ಈ ಭಾಷೆಗಳವರೆಲ್ಲ ಒತ್ತಿ ಹೇಳುವ ತಂತಮ್ಮ ಪದವನ್ನು ಇಂಗ್ಲಿಷಿಗೆ ಒಯ್ಯುವಾಗ ‘ಓನ್ಲಿ’ ಎಂಬ ಒಂದೇ ಪದದ ಮೇಲೆ ಹೇರಿದ್ದಾರೆ. ಹೀಗಾಗಿ ನಮ್ಮನಮ್ಮೊಳಗೆ ಅದು ಸಲೀಸಾಗಿ ನಡೆಯುತ್ತದೆ. ಭಾಷಾವಿಜ್ಞಾನಿಗಳೂ ಇದನ್ನು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದೇ ಗುರುತಿಸುತ್ತಾರೆ, ದಡ್ಡತನವೆಂದಲ್ಲ. ಆದರೆ ಭಾರತದ ಹೊರಗಿನವರಿಗೆ ಬರೆಯುವಾಗ, ಅದರಲ್ಲೂ ದಿನಾಂಕ, ಗಡುವು, ಹಣ ಇರುವ ವಾಕ್ಯಗಳಲ್ಲಿ, ಇದು ಸುಮ್ಮನೆ ನಕ್ಕು ಬಿಡುವ ವಿಷಯವಲ್ಲ.

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ‘ಅವಧಾರಣಾರ್ಥಕ ಅವ್ಯಯ’ ಎಂದು ಓದಿದ್ದು ನೆನಪಿರಬಹುದು. ನಾನೇ, ಅದೇ, ಅಲ್ಲೇ, ಇವತ್ತೇ. ಅಲ್ಲಿ ಬರುವ ‘ಏ’ ಒಂದನ್ನು ಹಿಡಿದು ಒತ್ತಿ ಹೇಳುತ್ತದೆ. ಒತ್ತುವುದು ಅದರ ಮುಖ್ಯ ಕೆಲಸ. ಉಳಿದದ್ದನ್ನು ಹೊರಗಿಡುವುದು ಸಂದರ್ಭವಿದ್ದರೆ ಮಾತ್ರ. ಇಂಗ್ಲಿಷಿನ ‘ಓನ್ಲಿ’ಯದು ತದ್ವಿರುದ್ಧ: ಹೊರಗಿಡುವುದೇ ಅದರ ಉದ್ಯೋಗ. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬರ್ಥದ ಪದಕ್ಕೆ ‘ಲಿಕ್’ ಸೇರಿ ಹುಟ್ಟಿದ ಮಾತು ಅದು. ‘ಓನ್ಲಿ ಎಕ್ಸ್’ ಎಂದ ಕೂಡಲೇ ಕೇಳುವವರ ಮನಸ್ಸು ‘ಎಕ್ಸ್ ಬಿಟ್ಟು ಬೇರೆ ಯಾವುದು ಅಲ್ಲ?’ ಎಂದು ಹುಡುಕುತ್ತದೆ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ಒಂದು ಫೈಲನ್ನು ಕಳಿಸುವುದು ಒಂದೇ ಸಲ. ಸೋಮವಾರ ಕಳಿಸಿದ ಮೇಲೆ ಮಂಗಳವಾರ ಮತ್ತೆ ಕಳಿಸುವ ಪ್ರಶ್ನೆಯಿಲ್ಲ. ಹಾಗಿದ್ದರೆ ‘ಓನ್ಲಿ’ ಹೊರಗಿಡುತ್ತಿರುವುದು ಯಾವ ದಿನಗಳನ್ನು? ಹಿಂದಿನ ದಿನಗಳನ್ನು. ಶನಿವಾರ ಅಲ್ಲ, ಭಾನುವಾರ ಅಲ್ಲ, ಸೋಮವಾರವಷ್ಟೇ. ಅಂದರೆ ತಡ. ಒಂದೇ ಸಲ ಆಗುವ ಘಟನೆ ಇದ್ದು, ಅದಕ್ಕೊಂದು ದಿನವೋ ಗಂಟೆಯೋ ಅಂಟಿಕೊಂಡಿದ್ದರೆ, ‘ಓನ್ಲಿ’ಗೆ ‘ಅದಕ್ಕೂ ಮೊದಲು ಆಗಲಿಲ್ಲ’ ಎಂಬ ಅರ್ಥ ಬಂದೇ ಬರುತ್ತದೆ. ಅದೇ ಮತ್ತೆ ಮತ್ತೆ ಆಗುವ ಕೆಲಸವಾದರೆ ಬೇರೆ. ‘ದ ಡಾಕ್ಟರ್ ಕಮ್ಸ್ ಆನ್ ಮಂಡೇಸ್ ಓನ್ಲಿ’ ಎಂದರೆ ವಾರದ ಉಳಿದ ದಿನ ಬರುವುದಿಲ್ಲ ಎಂದಷ್ಟೇ ಅರ್ಥ, ತಡದ ಸುಳಿವಿಲ್ಲ.

ಕನ್ನಡದಲ್ಲಿ ಈ ತಡ ಮತ್ತು ಬೇಗದ ಅಂತರವನ್ನು ಹೇಳಲು ನಮಗೆ ಬೇರೆಯೇ ದಾರಿ ಇದೆ. ದಿನವೂ ಬಳಸುತ್ತೇವೆ, ಗಮನಿಸುವುದಿಲ್ಲ. ‘ಏ’ ಎಲ್ಲಿ ಕೂರುತ್ತದೆ ನೋಡಿ:

ಹತ್ತಕ್ಕೇ ಬಂದ. (ಅಷ್ಟು ಬೇಗ ಬಂದ.)
ಬಂದಿದ್ದೇ ಹತ್ತಕ್ಕೆ. (ಅಷ್ಟು ತಡವಾಗಿ ಬಂದ.)

‘ಏ’ ಕಾಲದ ಪದಕ್ಕೆ ಅಂಟಿದರೆ ಸಾಮಾನ್ಯವಾಗಿ ‘ಬೇಗ’. ಕ್ರಿಯೆಗೆ ಅಂಟಿ ಕಾಲದ ಪದ ಕೊನೆಗೆ ಹೋದರೆ ‘ತಡ’, ಇಲ್ಲವೇ ‘ಈಚೆಗೆ’. ‘ದಾವಣಗೆರೆ 1997ರಲ್ಲೇ ಜಿಲ್ಲೆ ಆಯ್ತು’ ಎಂದರೆ ಆಗಿ ಬಹಳ ಕಾಲವಾಯಿತು ಎಂಬ ದನಿ. ‘ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ’ ಎಂದರೆ ಅಲ್ಲಿಯತನಕ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು ಎಂಬ ದನಿ. ಇಂಗ್ಲಿಷಿನ ‘ದಾವಣಗೆರೆ ಬಿಕೇಮ್ ಎ ಡಿಸ್ಟ್ರಿಕ್ಟ್ ಓನ್ಲಿ ಇನ್ 1997’ ಎರಡನೆಯದಕ್ಕೆ ಸಮ, ಮೊದಲನೆಯದಕ್ಕೆ ಖಂಡಿತ ಅಲ್ಲ.

ಆದ್ದರಿಂದ ಬರೆಯುವ ಮುಂಚೆ ಮನಸ್ಸಿನಲ್ಲೇ ಒಂದು ಪರೀಕ್ಷೆ ಮಾಡಿ. ಹೇಳಬೇಕಾದ್ದನ್ನು ಕನ್ನಡದಲ್ಲಿ ‘ಕಳಿಸಿದ್ದೇ ಸೋಮವಾರ’ ಎಂದು ತಿರುಗಿಸಿ ನೋಡಿ. ನಿಮ್ಮ ಉದ್ದೇಶ ಉಳಿದರೆ ‘ಓನ್ಲಿ’ ಹಾಕಿ. ಉದ್ದೇಶ ಕೆಟ್ಟರೆ ‘ಓನ್ಲಿ’ ಬೇಡ. ನಿಮ್ಮ ವಾಕ್ಯ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ‘ಸೋಮವಾರವೇ ಕಳಿಸಿದ್ದೆ’ ಎನ್ನುವುದನ್ನು ಹೇಗೆ ಬರೆಯುವುದು? ‘ಐ ಸೆಂಟ್ ದ ಫೈಲ್ ಆನ್ ಮಂಡೇ’ ಎಂದರೆ ಸಾಕು. ಇದು ಸಪ್ಪೆ ಅನ್ನಿಸುತ್ತದೆ, ಏಕೆಂದರೆ ನಮ್ಮ ಕಿವಿ ‘ಏ’ಗಾಗಿ ಕಾಯುತ್ತಿರುತ್ತದೆ. ಆದರೆ ಕನ್ನಡದ ‘ಏ’ಗೆ ಇಂಗ್ಲಿಷಿನಲ್ಲಿ ಅರ್ಧಕ್ಕರ್ಧ ಸಂದರ್ಭಗಳಲ್ಲಿ ಏನೂ ಬರೆಯಬೇಕಾಗಿಲ್ಲ. ಅವರು ಅದನ್ನು ದನಿಯ ಒತ್ತಿನಲ್ಲಿ ಹೇಳುತ್ತಾರೆ. ಬರಹದಲ್ಲಿ ಒತ್ತು ಬೇಕೇಬೇಕೆಂದರೆ ‘ಆಲ್ರೆಡಿ’ ಇದೆ: ‘ಐ ಹ್ಯಾಡ್ ಆಲ್ರೆಡಿ ಸೆಂಟ್ ಇಟ್ ಬೈ ಮಂಡೇ’. ಗಡುವು ಬುಧವಾರವಿತ್ತು ಎಂದಾದರೆ ‘ಐ ಸೆಂಟ್ ಇಟ್ ಆನ್ ಮಂಡೇ, ಟೂ ಡೇಸ್ ಅಹೆಡ್ ಆಫ್ ದ ಡೆಡ್‌ಲೈನ್’ ಎಂದುಬಿಡಿ. ಒತ್ತಿ ಹೇಳುವುದಕ್ಕಿಂತ ಲೆಕ್ಕ ಗಟ್ಟಿ. ಅಂದಹಾಗೆ, ‘ಐ ಹ್ಯಾವ್ ಸೆಂಟ್ ಇಟ್ ಆನ್ ಮಂಡೇ’ ಎಂದು ಬರೆಯುವ ರೂಢಿಯೂ ನಮ್ಮಲ್ಲಿ ಬಹಳ. ಮುಗಿದುಹೋದ ದಿನದ ಹೆಸರು ಹೇಳಿದ ಮೇಲೆ ‘ಹ್ಯಾವ್’ ಬರಬಾರದು. ನೀವು ಆ ತಪ್ಪು ಮಾಡಿಲ್ಲ.

ಮುಂದಿನ ಕಾಲಕ್ಕೂ ಇದೇ ಎಚ್ಚರಿಕೆ. ‘ಇವತ್ತೇ ಕಳಿಸ್ತೀನಿ’ ಎಂಬುದಕ್ಕೆ ‘ಐ ವಿಲ್ ಸೆಂಡ್ ಇಟ್ ಟುಡೇ ಓನ್ಲಿ’ ಎಂದರೆ ಬಟ್ಟೆ ಅಂಗಡಿಯ ರಿಯಾಯಿತಿ ಬೋರ್ಡಿನ ಭಾಷೆಯಾಗುತ್ತದೆ: ಇವತ್ತು ಮಾತ್ರ, ನಾಳೆ ಕೇಳಿದರೆ ಸಿಗಲ್ಲ! ‘ಐ ವಿಲ್ ಸೆಂಡ್ ಇಟ್ ಟುಡೇ’, ಅಥವಾ ‘ಬಿಫೋರ್ ದ ಎಂಡ್ ಆಫ್ ದ ಡೇ’ ಎನ್ನಿ. ‘ಟುಡೇ ಇಟ್‌ಸೆಲ್ಫ್’ ಕೂಡ ಇದೇ ಕುಲದ್ದು. ಉಲ್ಟಾ ಅರ್ಥ ಕೊಡುವ ಅಪಾಯ ಅದಕ್ಕಿಲ್ಲ, ಆದರೆ ಭಾರತದ ಹೊರಗೆ ವಿಚಿತ್ರವಾಗಿ ಕೇಳಿಸುತ್ತದೆ.

ಕಾಲದ್ದು ಎಲ್ಲಕ್ಕಿಂತ ಅಪಾಯದ್ದಾದ್ದರಿಂದ ಅಷ್ಟು ಹೊತ್ತು ನಿಂತದ್ದು. ಉಳಿದ ಕಡೆ ‘ಏ’ ಬೇರೆ ಬೇರೆ ವೇಷದಲ್ಲಿ ಬರುತ್ತದೆ, ಪ್ರತಿ ವೇಷಕ್ಕೂ ಇಂಗ್ಲಿಷಿನಲ್ಲಿ ಬೇರೆ ಪದ.

ಜಾಗದ್ದು: ‘ಇಲ್ಲೇ ಇದೀನಿ’ ಎಂದರೆ ‘ಐ ಆಮ್ ರೈಟ್ ಹಿಯರ್’. ‘ಮನೇಲೇ ಇದೀನಿ’ ಎಂದರೆ ‘ಐ ಆಮ್ ಅಟ್ ಹೋಮ್’, ಇನ್ನೂ ಹೊರಟಿಲ್ಲವೆಂದಾದರೆ ‘ಸ್ಟಿಲ್ ಅಟ್ ಹೋಮ್’. ‘ಜಯದೇವ ಸರ್ಕಲ್ ಹತ್ರಾನೇ ಅಂಗಡಿ’ ಎಂಬಲ್ಲಿ ‘ರೈಟ್ ನೆಕ್ಸ್ಟ್ ಟು’. ಇವುಗಳಲ್ಲಿ ಯಾವುದಕ್ಕೂ ‘ಓನ್ಲಿ’ ಸಲ್ಲದು.

ವ್ಯಕ್ತಿಯದು: ‘ನಾನೇ ಮಾಡ್ತೀನಿ’ ಎಂದರೆ ‘ಐ ವಿಲ್ ಡೂ ಇಟ್ ಮೈಸೆಲ್ಫ್’. ‘ನೀವೇ ಹೇಳಿದ್ದು’ ಎಂದರೆ ‘ಇಟ್ ವಾಸ್ ಯು ಹು ಟೋಲ್ಡ್ ಮಿ’. ಇದನ್ನು ‘ಯು ಓನ್ಲಿ ಟೋಲ್ಡ್ ಮಿ’ ಎಂದು ಬರೆದರೆ ಆಗುವುದೇ ಬೇರೆ. ಕ್ರಿಯಾಪದಕ್ಕೆ ಮುಂಚೆ ಕೂತ ‘ಓನ್ಲಿ’ ಯಾವತ್ತೂ ಹಿಂದೆ ತಿರುಗಿ ಕರ್ತೃವನ್ನು ನೋಡುವುದಿಲ್ಲ. ಅದರ ಮುಖ ಮುಂದಕ್ಕೆ. ಹಾಗಾಗಿ ಕೇಳುವವರಿಗೆ ಅದು ‘ನೀವು ಬಾಯಲ್ಲಿ ಹೇಳಿದಿರಿ ಅಷ್ಟೇ, ಬೇರೇನೂ ಮಾಡಲಿಲ್ಲ’ ಎಂದು ಕೇಳಿಸುತ್ತದೆ. ಮೇಲಧಿಕಾರಿಗೆ ಬರೆದ ಪತ್ರದಲ್ಲಿ ಇದು ಕುಟುಕಿದ ಹಾಗಾಗುತ್ತದೆ.

ನಿಷೇಧದ್ದು: ‘ಬರಲೇ ಇಲ್ಲ’, ‘ಗೊತ್ತೇ ಇಲ್ಲ’, ‘ಫೋನ್ ಎತ್ತುತ್ಲೇ ಇಲ್ಲ’. ‘ಹಿ ಈಸ್ ನಾಟ್ ಪಿಕಿಂಗ್ ಅಪ್ ಓನ್ಲಿ’ ಎಂಬ ಮಾತು ಬೆಂಗಳೂರಿನಿಂದ ಬೆಳಗಾವಿಯವರೆಗೆ ಕೇಳುತ್ತದೆ. ಅಲ್ಲಿ ಬೇಕಾದದ್ದು ‘ಅಟ್ ಆಲ್’: ‘ಐ ಡೋಂಟ್ ನೋ ಎನಿಥಿಂಗ್ ಅಟ್ ಆಲ್’. ಫೋನಿನ ವಿಷಯಕ್ಕೆ ‘ಹಿ ಜಸ್ಟ್ ಈಸ್ ನಾಟ್ ಪಿಕಿಂಗ್ ಅಪ್’. ‘ಜಸ್ಟ್’ ಎಂಬುದು ‘ನಾಟ್’ಗಿಂತ ಮುಂಚೆ ಬರಬೇಕು. ‘ನಾಟ್ ಜಸ್ಟ್’ ಎಂದರೆ ‘ಅದೊಂದೇ ಅಲ್ಲ’ ಎಂದಾಗಿಬಿಡುತ್ತದೆ.

‘ಹಂಗೇ’ ಎಂಬುದಕ್ಕೆ ‘ಲೈಕ್ ದಟ್ ಓನ್ಲಿ’ ಎನ್ನುವುದಂತೂ ತಮಾಷೆಯ ವಸ್ತುವೇ ಆಗಿಹೋಗಿದೆ. ‘ಯಾಕೆ ಬಂದ್ರಿ?’ ‘ಹಂಗೇ ಸುಮ್ನೆ’ ಎಂಬಲ್ಲಿ ‘ನೋ ಪರ್ಟಿಕ್ಯುಲರ್ ರೀಸನ್’. ‘ಅವನು ಹಂಗೇ’ ಎಂಬಲ್ಲಿ ‘ದಟ್ಸ್ ಹೌ ಹಿ ಈಸ್’.

ಇಷ್ಟು ಹೇಳಿದ ಮೇಲೆ ‘ಏ’ ಬಂದಲ್ಲೆಲ್ಲ ‘ಓನ್ಲಿ’ ಕಿತ್ತುಹಾಕುವುದೂ ತಪ್ಪಾಗುತ್ತದೆ. ಸಂಖ್ಯೆಗೆ ಅಂಟಿದ ‘ಏ’ ಹೆಚ್ಚುಕಡಿಮೆ ಯಾವಾಗಲೂ ‘ಓನ್ಲಿ’ಯೇ. ‘ಎರಡೇ ಟಿಕೆಟ್ ಉಳಿದಿವೆ’ ಎಂದರೆ ‘ಓನ್ಲಿ ಟೂ ಟಿಕೆಟ್ಸ್ ಆರ್ ಲೆಫ್ಟ್’. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 2022ಕ್ಕೆ ಮೊದಲು ಕೋಡಿ ಬಿದ್ದದ್ದು ಒಂದೇ ಸಲ, 1933ರಲ್ಲಿ. ಇದು ‘ಬಿಫೋರ್ 2022, ದ ಡ್ಯಾಮ್ ಹ್ಯಾಡ್ ಓವರ್‌ಫ್ಲೋಡ್ ಓನ್ಲಿ ಒನ್ಸ್, ಇನ್ 1933’ ಎಂದು ನೇರವಾಗಿ ಇಳಿಯುತ್ತದೆ. ಹಾಗೆಯೇ ‘ಬಂದ ಮೇಲೇ’, ‘ಕೊಟ್ಟರೇ’ ಎಂಬ ಷರತ್ತುಗಳಿಗೂ ‘ಓನ್ಲಿ ಆಫ್ಟರ್’, ‘ಓನ್ಲಿ ಇಫ್’ ಸರಿಹೊಂದುತ್ತವೆ. ಸಂಖ್ಯೆಯಲ್ಲಿ ಎಡವುವ ಜಾಗ ‘ಒಂದೇ’. ‘ನಮ್ಮಿಬ್ಬರದ್ದೂ ಒಂದೇ ಊರು’ ಎಂಬುದರಲ್ಲಿ ‘ಓನ್ಲಿ ಒನ್’ ಇಲ್ಲ. ಅದು ‘ವಿ ಆರ್ ಫ್ರಮ್ ದ ಸೇಮ್ ಟೌನ್’.

‘ಮಾತ್ರ’ವನ್ನಾದರೂ ಕಣ್ಣು ಮುಚ್ಚಿ ‘ಓನ್ಲಿ’ ಮಾಡಬಹುದೇ? ಅದೂ ಇಲ್ಲ. ‘ಊಟಕ್ಕೆ ಇಬ್ಬರು ಮಾತ್ರ ಬಂದಿದ್ದರು’ ಎಂಬಲ್ಲಿ ಸರಿ. ಆದರೆ ‘ಎಲ್ಲರೂ ಹೋಗಿ, ನಾನು ಮಾತ್ರ ಬರಲ್ಲ’ ಎನ್ನುವಾಗ ನಾವು ಲೆಕ್ಕ ಹೇಳುತ್ತಿಲ್ಲ, ಹಟ ಹೇಳುತ್ತಿದ್ದೇವೆ. ಅಲ್ಲಿ ‘ಆಸ್ ಫಾರ್ ಮಿ, ಐ ಆಮ್ ನಾಟ್ ಕಮಿಂಗ್’ ಬೇಕು. ‘ಮಳೆ ಚೆನ್ನಾಗಿ ಬಂತು, ರೇಟು ಮಾತ್ರ ಬಿತ್ತು’ ಎಂಬಲ್ಲಿ ‘ಮಾತ್ರ’ ಎಂದರೆ ‘ಆದರೆ’. ಇಂಗ್ಲಿಷಿನಲ್ಲಿ ‘ಬಟ್ ದ ಪ್ರೈಸ್ ಫೆಲ್’. ‘ಬರೀ’ ಕೂಡ ಹೀಗೇ: ಬರೀ ಮಾತು ‘ಮಿಯರ್ ಟಾಕ್’, ಬರೀ ಅನ್ನ ‘ಪ್ಲೇನ್ ರೈಸ್’, ಬರೀ ಕೈಯಲ್ಲಿ ಬಂದ ಎಂದರೆ ‘ಎಂಪ್ಟಿ-ಹ್ಯಾಂಡೆಡ್’.

ಇನ್ನು ‘ಓನ್ಲಿ’ ಎಲ್ಲಿ ಕೂರಬೇಕು ಎಂಬುದು. ಕನ್ನಡದಲ್ಲಿ ಈ ಕಷ್ಟವಿಲ್ಲ. ‘ಏ’ ಅಥವಾ ‘ಮಾತ್ರ’ ಯಾವ ಪದಕ್ಕೆ ಬೇಕೋ ಅದಕ್ಕೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ‘ಓನ್ಲಿ’ ಅಲೆಮಾರಿ. ‘ಗಿರಿಜಾ ಈಟ್ಸ್ ಬೆಣ್ಣೆ ದೋಸೆ ಆನ್ ಸಂಡೇಸ್’ ಎಂಬ ವಾಕ್ಯ ತೆಗೆದುಕೊಳ್ಳಿ. ‘ಓನ್ಲಿ ಗಿರಿಜಾ’ ಎಂದರೆ ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ. ‘ಈಟ್ಸ್ ಓನ್ಲಿ ಬೆಣ್ಣೆ ದೋಸೆ’ ಎಂದರೆ ಭಾನುವಾರ ಬೇರೇನೂ ಮುಟ್ಟುವುದಿಲ್ಲ. ‘ಓನ್ಲಿ ಆನ್ ಸಂಡೇಸ್’ ಎಂದರೆ ವಾರಕ್ಕೊಂದೇ ದಿನ. ಆದರೆ ‘ಗಿರಿಜಾ ಓನ್ಲಿ ಈಟ್ಸ್ ಬೆಣ್ಣೆ ದೋಸೆ ಆನ್ ಸಂಡೇಸ್’ ಎಂದರೆ? ತಿನ್ನುತ್ತಾಳೆ, ಮಾಡುವುದಿಲ್ಲ, ಬೆಣ್ಣೆ ದೋಸೆ ಬಿಟ್ಟು ಬೇರೆ ತಿನ್ನಲ್ಲ, ಭಾನುವಾರ ಬಿಟ್ಟು ತಿನ್ನಲ್ಲ. ಈ ಮೂರರಲ್ಲಿ ಯಾವುದೂ ಆಗಬಹುದು. ಮಾತಿನಲ್ಲಿ ಇಂಗ್ಲಿಷರು ಬೇಕಾದ ಪದದ ಮೇಲೆ ದನಿ ಏರಿಸಿ ಇದನ್ನು ಬಗೆಹರಿಸುತ್ತಾರೆ. ಬರಹದಲ್ಲಿ ದನಿಯಿಲ್ಲ.

ಕ್ರಿಯಾಪದದ ಮುಂಚೆ ‘ಓನ್ಲಿ’ ಇಡುವುದೇ ತಪ್ಪು ಎಂದು ಹೇಳಿಕೊಡುವ ಮೇಷ್ಟರುಗಳಿದ್ದಾರೆ. ಅಷ್ಟು ಬಿಗಿ ಬೇಡ. ಇಂಗ್ಲಿಷಿನ ಬಳಕೆಯ ಬಗ್ಗೆ ಅಧಿಕಾರದಿಂದ ಬರೆದ ಫೌಲರ್ 1926ರಲ್ಲೇ ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ ಎಂಬಂಥ ವಾಕ್ಯವನ್ನು ತಿದ್ದಬೇಕಿಲ್ಲ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ವಾದಿಸಿದ್ದರು. ಅದು ಸರಿಯಾದ ನಿಲುವು. ಗೊಂದಲಕ್ಕೆ ಆಸ್ಪದವಿಲ್ಲದ ಕಡೆ ಕ್ರಿಯೆಯ ಮುಂದೆಯೇ ಇರಲಿ, ಸಹಜವಾಗಿ ಕೇಳುತ್ತದೆ. ಅರ್ಜಿ, ಕರಾರು, ಸೂಚನೆ, ಹಣದ ವ್ಯವಹಾರ ಇಂಥವುಗಳಲ್ಲಿ ಮಾತ್ರ ಯಾವ ಪದವನ್ನು ಮಿತಿಗೊಳಿಸಬೇಕೋ ಅದರ ಎಡಕ್ಕೆ ತಾಗಿಸಿ ಇಡಿ.

ಎಡಕ್ಕೇ ಏಕೆಂದರೆ, ನಡುವೆ ಬಿದ್ದ ‘ಓನ್ಲಿ’ ಎರಡೂ ಕಡೆ ಕೈ ಚಾಚುತ್ತದೆ. ‘ಟೇಕ್ ಒನ್ ಟ್ಯಾಬ್ಲೆಟ್ ಓನ್ಲಿ ಆಫ್ಟರ್ ಫುಡ್’ ಎಂಬ ಸೂಚನೆಯನ್ನು ನೋಡಿ. ಒಂದೇ ಮಾತ್ರೆ ಎಂದೋ, ಊಟದ ಮೇಲೇ ಎಂದೋ? ಒಂದಕ್ಕಿಂತ ಹೆಚ್ಚು ನುಂಗಬಾರದು ಎಂಬುದು ಮುಖ್ಯವಾದರೆ ‘ಟೇಕ್ ಓನ್ಲಿ ಒನ್ ಟ್ಯಾಬ್ಲೆಟ್, ಆಫ್ಟರ್ ಫುಡ್’. ಖಾಲಿ ಹೊಟ್ಟೆಯಲ್ಲಿ ಬೇಡ ಎಂಬುದು ಮುಖ್ಯವಾದರೆ ‘ಟೇಕ್ ಒನ್ ಟ್ಯಾಬ್ಲೆಟ್. ಡೂ ನಾಟ್ ಟೇಕ್ ಇಟ್ ಆನ್ ಆನ್ ಎಂಪ್ಟಿ ಸ್ಟಮಕ್’. ಇಂಥ ಕಡೆ ‘ಓನ್ಲಿ’ಯನ್ನೇ ಬಿಟ್ಟು ಎರಡು ವಾಕ್ಯ ಮಾಡುವುದು ಎಲ್ಲಕ್ಕಿಂತ ಕ್ಷೇಮ.

ಕೊನೆಗೆ ‘ಓನ್ಲಿ’ ಬರುವುದು ಶುದ್ಧ ಇಂಗ್ಲಿಷಿನಲ್ಲೂ ಉಂಟು, ಮುಖ್ಯವಾಗಿ ಬೋರ್ಡುಗಳಲ್ಲಿ: ‘ಸ್ಟಾಫ್ ಓನ್ಲಿ’, ‘ಕ್ಯಾಶ್ ಓನ್ಲಿ’, ‘ಫಾರ್ ಆಫೀಸ್ ಯೂಸ್ ಓನ್ಲಿ’, ಮುಲಾಮಿನ ಮೇಲೆ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’. ಚೆಕ್ಕಿನಲ್ಲಿ ‘ರುಪೀಸ್ ಟ್ವೆಂಟಿ ಫೈವ್ ಥೌಸಂಡ್ ಓನ್ಲಿ’ ಎಂದು ಬರೆಯುವುದು ಮೊತ್ತ ಕಡಿಮೆ ಎಂದು ಹೇಳಲಿಕ್ಕಲ್ಲ. ಮುಂದಿನ ಖಾಲಿ ಜಾಗದಲ್ಲಿ ಯಾರೂ ಇನ್ನಷ್ಟು ಪದ ಸೇರಿಸದಂತೆ ಹಾಕಿದ ಬೀಗ ಅದು, ಅಂಕಿಯ ಮುಂದೆ ಗೀಟು ಹಾಕುವ ಹಾಗೆ. ಬರೆಯದಿದ್ದರೆ ಚೆಕ್ ಅಸಿಂಧುವಾಗುವುದಿಲ್ಲ, ಆದರೂ ಬರೆಯಿರಿ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಮೊತ್ತದ ನಂತರ ನೂರರಲ್ಲಿ ಇಷ್ಟು ಸೆಂಟು ಎಂದು ಭಿನ್ನರಾಶಿ ಬರೆದು ಉದ್ದ ಗೆರೆ ಎಳೆಯುತ್ತಾರೆ. ‘ಅಕೌಂಟ್ ಪೇಯೀ ಓನ್ಲಿ’ ಎಂಬುದರಲ್ಲಿ ಮಾತ್ರ ‘ಓನ್ಲಿ’ಗೆ ಪೂರ್ತಿ ಹೊರಗಿಡುವ ಅರ್ಥವಿದೆ: ಹಣ ಆ ಹೆಸರಿನವರ ಖಾತೆಗೇ ಹೋಗಬೇಕು, ಕೌಂಟರಿನಲ್ಲಿ ನಗದು ಕೊಡುವಂತಿಲ್ಲ.

ಈಗ ಮಗನ ‘ಡಿಡ್’.

‘ಹಿ ರಿಯಲೈಸ್ಡ್ ಓನ್ಲಿ ದೆನ್’ ಎಂದರೆ ಮಾಮೂಲಿ ವಾಕ್ಯ. ‘ಓನ್ಲಿ ದೆನ್’ ಮುಂದಕ್ಕೆ ಬಂದ ಕೂಡಲೇ ಉಳಿದ ವಾಕ್ಯ ಪ್ರಶ್ನೆಯ ರೂಪ ತಾಳುತ್ತದೆ: ‘ಓನ್ಲಿ ದೆನ್ ಡಿಡ್ ಹಿ ರಿಯಲೈಸ್’. ಕಾರಣ ಹಳೆಯದು. ಒಂದಾನೊಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಕರ್ತೃವಲ್ಲದ ಪದ ವಾಕ್ಯದ ತಲೆಗೆ ಬಂದರೆ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರುವುದು ಸಾಮಾನ್ಯವಾಗಿತ್ತು. ಜರ್ಮನ್ ಭಾಷೆಯಲ್ಲಿ ಈಗಲೂ ಹಾಗೆಯೇ. ಇಂಗ್ಲಿಷಿನಲ್ಲಿ ಆ ರೂಢಿ ಅಳಿದು, ನಿಷೇಧದ ಛಾಯೆಯಿರುವ ಪದಗಳಲ್ಲಿ ಮುಖ್ಯವಾಗಿ ಉಳಿಯಿತು: ನೆವರ್, ಸೆಲ್ಡಮ್, ಹಾರ್ಡ್ಲಿ. ‘ಓನ್ಲಿ’ ಆ ಗುಂಪಿಗೆ ಸೇರಿದ್ದು ಅದರ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇರುವುದರಿಂದ. ಅಲ್ಲಿಯವರೆಗೆ ತಿಳಿಯಲಿಲ್ಲ, ಆಗಲೇ ತಿಳಿದದ್ದು.

ಪರೀಕ್ಷೆಯಲ್ಲಿ ವಾಕ್ಯ ಬದಲಿಸಲು ಕೊಟ್ಟರೆ ಹೀಗೆ ಮಾಡಲಿ. ‘ದ ಫಾರ್ಮರ್ಸ್ ಪ್ಲಾಂಟೆಡ್ ಪ್ಯಾಡಿ ಓನ್ಲಿ ಆಫ್ಟರ್ ದ ವಾಟರ್ ಕೇಮ್’ ಎಂದಿದೆ ಎಂದುಕೊಳ್ಳಿ (ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ). ಮೊದಲು ‘ಓನ್ಲಿ’ಯಿಂದ ಶುರುವಾಗುವ ತುಂಡನ್ನು ಇಡಿಯಾಗಿ ಎತ್ತಿ ಮುಂದಿಡಬೇಕು: ‘ಓನ್ಲಿ ಆಫ್ಟರ್ ದ ವಾಟರ್ ಕೇಮ್’. ಅದರೊಳಗೆ ಏನನ್ನೂ ಮುಟ್ಟಬಾರದು. ಆಮೇಲೆ ಉಳಿದ ಭಾಗದ ಕ್ರಿಯಾಪದ ನೋಡಬೇಕು. ‘ಪ್ಲಾಂಟೆಡ್’ ಭೂತಕಾಲ, ಜೊತೆಗೆ ಸಹಾಯಕ ಕ್ರಿಯಾಪದವಿಲ್ಲ, ಆದ್ದರಿಂದ ‘ಡಿಡ್’ ತರಬೇಕು. ‘ಡಿಡ್’ ಕಾಲವನ್ನು ಹೊತ್ತುಕೊಂಡ ಮೇಲೆ ಮೂಲ ಕ್ರಿಯಾಪದ ಹಗುರಾಗುತ್ತದೆ: ‘ಡಿಡ್ ದ ಫಾರ್ಮರ್ಸ್ ಪ್ಲಾಂಟ್ ಪ್ಯಾಡಿ’. ವರ್ತಮಾನವಾದರೆ ‘ಡೂ’ ಅಥವಾ ‘ಡಸ್’. ‘ಈಸ್’, ‘ವಾಸ್’, ‘ಕ್ಯಾನ್’, ‘ವಿಲ್’, ‘ಹ್ಯಾಸ್’ ಇವು ಮೊದಲೇ ಇದ್ದರೆ ‘ಡಿಡ್’ ಬೇಡ, ಅವುಗಳನ್ನೇ ಕರ್ತೃವಿನ ಮುಂದೆ ತರಬೇಕು: ‘ಓನ್ಲಿ ವಿತ್ ಎ ಪಾಸ್ ಕ್ಯಾನ್ ಯು ಎಂಟರ್’.

ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಒಂದು, ‘ಡಿಡ್ ಹಿ ರಿಯಲೈಸ್ಡ್’ ಎಂದು ಭೂತಕಾಲವನ್ನು ಎರಡು ಸಲ ಬರೆಯುವುದು. ಎರಡು, ತಪ್ಪು ತುಂಡನ್ನು ತಿರುಗಿಸುವುದು: ‘ಓನ್ಲಿ ಆಫ್ಟರ್ ಡಿಡ್ ದ ವಾಟರ್ ಕಮ್, ದ ಫಾರ್ಮರ್ಸ್ ಪ್ಲಾಂಟೆಡ್’. ತಿರುಗಬೇಕಾದ್ದು ಮುಖ್ಯ ವಾಕ್ಯ, ‘ಆಫ್ಟರ್’, ‘ವೆನ್’, ‘ಇಫ್’ ಜೊತೆಗಿರುವುದಲ್ಲ. ಇನ್ನು ನಿಯಮ ಚೆನ್ನಾಗಿ ಕಲಿತ ಮಕ್ಕಳು ಮಾಡುವ ತಪ್ಪೊಂದಿದೆ: ‘ಓನ್ಲಿ’ ಕಂಡಲ್ಲೆಲ್ಲ ತಿರುಗಿಸುವುದು. ‘ಓನ್ಲಿ ದ ಹೆಡ್‌ಮಾಸ್ಟರ್ ಹ್ಯಾಸ್ ದ ಕೀ’ ಎಂಬಲ್ಲಿ ‘ಓನ್ಲಿ’ ಕರ್ತೃವಿಗೇ ಅಂಟಿದೆ, ಅಲ್ಲಿ ಏನೂ ತಿರುಗುವುದಿಲ್ಲ. ಕಾಲ, ಜಾಗ, ಷರತ್ತು, ಬಗೆ ಇವುಗಳ ಜೊತೆ ‘ಓನ್ಲಿ’ ತಲೆಗೆ ಬಂದಾಗ ಮಾತ್ರ ತಿರುವು.

‘ಓನ್ಲಿ ಇಫ್’ ಮತ್ತು ‘ಇಫ್ ಓನ್ಲಿ’ ಅದಲುಬದಲಾಗುವುದೂ ಸಾಮಾನ್ಯ. ‘ಐ ವಿಲ್ ಕಮ್ ಓನ್ಲಿ ಇಫ್ ಯು ಕಾಲ್’ ಎಂದರೆ ಕರೆದರೆ ಮಾತ್ರ ಬರುತ್ತೇನೆ. ‘ಇಫ್ ಓನ್ಲಿ’ ಷರತ್ತಲ್ಲ, ಹಂಬಲ. ‘ಇಫ್ ಓನ್ಲಿ ಇಟ್ ವುಡ್ ರೈನ್!’ ಎಂದರೆ ಮಳೆಯೊಂದು ಬಂದರೆ ಸಾಕಿತ್ತಲ್ಲ ಎಂಬ ನಿಟ್ಟುಸಿರು. ಆಗಿಹೋದದ್ದಕ್ಕಾದರೆ ‘ಹ್ಯಾಡ್’ ಬೇಕು: ‘ಇಫ್ ಓನ್ಲಿ ಐ ಹ್ಯಾಡ್ ಆಸ್ಕ್ಡ್’, ಕೇಳಿದ್ದರಾದರೂ ಆಗುತ್ತಿತ್ತು.

‘ನಾಟ್ ಓನ್ಲಿ... ಬಟ್ ಆಲ್ಸೋ’ದಲ್ಲಿ ತಕ್ಕಡಿಯ ಎರಡು ತಟ್ಟೆಯಲ್ಲೂ ಒಂದೇ ಜಾತಿಯ ಪದ ಇರಬೇಕು. ‘ಶಿ ನಾಟ್ ಓನ್ಲಿ ಟೀಚಸ್ ಇಂಗ್ಲಿಷ್ ಬಟ್ ಆಲ್ಸೋ ಕನ್ನಡ’ ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಬರಿಯ ನಾಮಪದ. ‘ಶಿ ಟೀಚಸ್ ನಾಟ್ ಓನ್ಲಿ ಇಂಗ್ಲಿಷ್ ಬಟ್ ಆಲ್ಸೋ ಕನ್ನಡ’ ಎಂದು ಸರಿಸಿದರೆ ಆಯಿತು. ಇದು ಕರ್ತೃವಿನ ಜಾಗದಲ್ಲಿ ಬಂದರೆ ಕ್ರಿಯಾಪದ ಹತ್ತಿರದವರ ಮಾತು ಕೇಳುತ್ತದೆ: ‘ನಾಟ್ ಓನ್ಲಿ ದ ಫಾರ್ಮರ್ಸ್ ಬಟ್ ಆಲ್ಸೋ ದ ಟ್ರೇಡರ್ ವಾಸ್ ದೇರ್’. ಇಬ್ಬರ ಜಾಗ ಅದಲುಬದಲು ಮಾಡಿದರೆ ‘ವಾಸ್’ ಹೋಗಿ ‘ವರ್’ ಬರುತ್ತದೆ.

ಓದುವಾಗ ಎದುರಾಗುವ ಎರಡು ಬಳಕೆಗಳಿಗೆ ‘ಮಾತ್ರ’ ಎಂಬ ಅರ್ಥ ಹಚ್ಚಲು ಹೋದರೆ ದಾರಿ ತಪ್ಪುತ್ತದೆ. ‘ಹಿ ರ‍್ಯಾನ್ ಟು ದ ಬಸ್ ಸ್ಟ್ಯಾಂಡ್ ಓನ್ಲಿ ಟು ಫೈಂಡ್ ದ ಬಸ್ ಗಾನ್’ ಎಂಬುದನ್ನು ‘ಬಸ್ ಹೋಗಿರುವುದನ್ನು ನೋಡಲಿಕ್ಕೆಂದೇ ಓಡಿದ’ ಎಂದು ಅನುವಾದಿಸಿದವರಿದ್ದಾರೆ. ಅದು ‘ಓಡೋಡಿ ಹೋದ, ನೋಡಿದರೆ ಬಸ್ಸು ಹೊರಟೇ ಹೋಗಿತ್ತು’ ಎಂದಾಗಬೇಕು. ಇನ್ನೊಂದು ‘ಓನ್ಲಿ ಟೂ’ (ಇಲ್ಲಿ ‘ಟೂ’ ಎಂದರೆ ಎರಡಲ್ಲ, ‘ಅತಿ’): ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂದು ಗ್ರಾಹಕರು ಬರೆದರೆ ಅವರ ಸಂತೋಷಕ್ಕೇನೂ ಮಿತಿಯಿಲ್ಲ, ಧಾರಾಳವಾಗಿ ಸಹಾಯ ಕೇಳಬಹುದು.